ಸಂಪಾದಕರ ಉತ್ತರ: ಕಂಪೌಂಡಿನಿಂದ ಕಂಪೌಂಡಿಗೆ ಕಾಂಕ್ರೀಟ್ ಬೇಕೆ?

ಕಲಬುರಗಿಯ ಸೇಡಂ ರಸ್ತೆ ಕಡೆಯ ಬಡಾವಣೆಯೊಂದರ ನಿವಾಸಿಗಳ ಸಂಘದಿಂದ ಬಂದ ಪತ್ರ:

“ನಮ್ಮಲ್ಲಿ 140 ನಿವೇಶನ ಅವ, ಅರ್ಧಕ್ಕಿಂತ ಹೆಚ್ಚು ಮನಿ ಎದ್ದಾವ. 30 ಅಡಿ ರಸ್ತೆಗಳಿಗೆ ಸಿಮೆಂಟ್ ಕಾಂಕ್ರೀಟ್ ಮಂಜೂರಾಗ್ಯದ, ಮಳಿಗಾಲ ಮುಗಿದ ಕೂಡ್ಲೆ ಕೆಲಸ. ಧೂಳು, ರಾಡಿ ಸಾಕಾಗ್ಯದ, ಈ ಕಂಪೌಂಡಿನಿಂದ ಆ ಕಂಪೌಂಡಿನ ತನಕ ಹಾಕಿಬಿಡ್ರಿ ಅನ್ನೋರೇ ಹೆಚ್ಚು. ಗಿಡ ಹಚ್ಚೋಣು ಅಂದ್ರ ಎರಿ ಭೂಮ್ಯಾಗ, ಅಂದ್ರ ಕರಿ ಮಣ್ಣಿನಾಗ, ಗಿಡ ಗ್ವಾಡಿ ಸೀಳತಾವ ಅಂತಾರ. ಪಾರ್ಕಿನಾಗ ತೋಡಿದ ಇಂಗುಗುಂಡ್ಯಾಗ ನೀರು ಇಂಗೂದಿಲ್ಲ, ಬರೇ ಸೊಳ್ಳಿ. ನಾಗರಿಕ ಸೌಲಭ್ಯಕ್ಕ ಅಂತ ಬಿಟ್ಟ ಸಿ.ಎ. ಸೈಟಿನಾಗ ಕಸ ಬೀಳ್ತದ. ಎಲ್ಲಿಂದ ಶುರು ಮಾಡಬೇಕು ತಿಳಿಸ್ರಿ.”

ಮಾನ್ಯರೇ,

ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಚಪ್ಪಲಿ ಕಿತ್ತು ಇಟ್ಟುಕೊಳ್ಳುವ ರಾಡಿ. ಇವೆರಡರ ನಡುವೆ ವರ್ಷಗಟ್ಟಲೆ ಓಡಾಡಿದವರು ಕಾಂಕ್ರೀಟ್ ಕೇಳಿದರೆ ತಪ್ಪೇನಿಲ್ಲ. ಆದರೆ ನೀವು ಕೇಳಬೇಕಾದ್ದು 18 ಅಡಿ ಕಾಂಕ್ರೀಟ್, 30 ಅಡಿಯದ್ದಲ್ಲ. ಉಳಿದ 12 ಅಡಿಯಲ್ಲಿ ನಿಮ್ಮ ಓಣಿಯ ಮುಂದಿನ ಮೂವತ್ತು ಬೇಸಿಗೆಗಳ ಹಣೆಬರಹ ಇದೆ.

ಮೊದಲು ಬಿಸಿಲಿನ ಲೆಕ್ಕ ನೋಡೋಣ. ಕಲಬುರಗಿ ಇರುವುದು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಎರಡನೇ ವಾರದ ಹೊತ್ತಿಗೆ ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಊರು 42–43 ಡಿಗ್ರಿಗೆ ಕಾಯುವ ದಿನಗಳೂ ಅವೇ. ಆಗ ಗೋಡೆ ಎಷ್ಟೇ ಎತ್ತರ ಇರಲಿ, ಅದರ ನೆರಳು ಗೋಡೆಯ ಬುಡದಲ್ಲೇ ಮುದುಡಿರುತ್ತದೆ. ಹಳೆಯ ಬ್ರಹ್ಮಪುರ, ಶಹಾಬಜಾರದ ಗಲ್ಲಿಗಳಲ್ಲಿ ಆ ಹೊತ್ತಿನ ಬಿಸಿಲು ಹೆಚ್ಚು ತಾಸು ನಿಲ್ಲುವುದಿಲ್ಲ. ಉತ್ತರ–ದಕ್ಷಿಣವಾಗಿ ಹಾಯ್ದ 10 ಅಡಿ ಗಲ್ಲಿ, ಎರಡೂ ಬದಿಗೆ 20 ಅಡಿ ಎತ್ತರದ ಮನೆ ಅಂತ ಇಟ್ಟುಕೊಳ್ಳಿ. ಮೇ ತಿಂಗಳಲ್ಲೂ ಬೆಳಿಗ್ಗೆ ಹತ್ತೂವರೆ ತನಕ, ಮಧ್ಯಾಹ್ನ ಎರಡು ದಾಟಿದ ಮೇಲೆ ಗಲ್ಲಿಯ ತುಂಬ ನೆರಳು. ಅದೇ ಎತ್ತರದ ಮನೆಗಳನ್ನು 30 ಅಡಿ ರಸ್ತೆಯ ಎರಡು ಬದಿಗೆ ನಿಲ್ಲಿಸಿದರೆ ಬೆಳಿಗ್ಗೆ ಎಂಟೂವರೆಗೇ ಬಿಸಿಲು ನೆಲಕ್ಕೆ ಇಳಿದಿರುತ್ತದೆ, ರಸ್ತೆ ಪೂರ್ತಿ ನೆರಳಾಗುವುದು ಸಂಜೆ ನಾಲ್ಕೂಕಾಲಿಗೆ. ಮನೆಯ ಮುಂದೆ ಬಿಡುವ ಜಾಗವನ್ನೂ ಸೇರಿಸಿದರೆ ಇನ್ನೂ ತಡ. ಕಾರು ಬೇಕು ಅಂತ ರಸ್ತೆ ಅಗಲ ಮಾಡಿಕೊಂಡ ಮೇಲೆ ಗೋಡೆ ಕೊಡುತ್ತಿದ್ದ ನೆರಳನ್ನು ಮರವೇ ಕೊಡಬೇಕು. ಎಂಟು ತಾಸು ಕಾದ ಕಾಂಕ್ರೀಟ್ ಆ ಕಾವನ್ನು ರಾತ್ರಿ ಹತ್ತರ ಮೇಲೂ ಬಿಡುತ್ತಿರುತ್ತದೆ. ಮಾಳಿಗೆಯ ಮೇಲೆ ಮಲಗುವವರಿಗೆ ಇದನ್ನು ಹೇಳಬೇಕಾಗಿಲ್ಲ.

ಈಗ 30 ಅಡಿಯನ್ನು ಹಂಚೋಣ. ಒಂದು ಬದಿಯ ಕಂಪೌಂಡಿಗೆ ಹತ್ತಿ 6 ಅಡಿ ಕಾಲುದಾರಿ. ಅದರ ಕೆಳಗೇ ಮಳೆನೀರಿನ ಚರಂಡಿ. ಅದರ ಪಕ್ಕ 4 ಅಡಿ ಮಣ್ಣಿನ ಪಟ್ಟಿ, ಗಿಡಗಳಿಗೆ. ಆಮೇಲೆ 18 ಅಡಿ ಕಾಂಕ್ರೀಟ್. ಎದುರು ಬದಿ ಉಳಿಯುವ 2 ಅಡಿಯಲ್ಲಿ ಕಂಬ, ನೀರಿನ ಪೈಪು, ಕೇಬಲ್. ಎರಡು ಕಾರು ಎದುರುಬದುರು ನಿಧಾನವಾಗಿ ದಾಟಲು 18 ಅಡಿ ಧಾರಾಳ. ಅಗ್ನಿಶಾಮಕ ವಾಹನಕ್ಕೆ 12 ಅಡಿ ತೆರವಿದ್ದರೂ ನಡೆಯುತ್ತದೆ. 30 ಅಡಿ ಪೂರ್ತಿ ಕಾಂಕ್ರೀಟ್ ಆದ ಓಣಿಗಳಲ್ಲಿ ಆ ಹೆಚ್ಚಿನ 12 ಅಡಿಯಲ್ಲಿ ನಿಲ್ಲುವುದು ಕಾರು, ಮರಳಿನ ಗುಡ್ಡೆ, ಗೇಟಿನ ಮುಂದಿನ ಇಳಿಜಾರು ಕಟ್ಟೆ. ನಡೆಯುವವರು ಮತ್ತೆ ನಡುರಸ್ತೆಗೇ ಬರುತ್ತಾರೆ. ಅಂದಹಾಗೆ, ಆ ಇಳಿಜಾರು ಕಟ್ಟೆ ಗೇಟಿನ ಒಳಗಿರಬೇಕು. ಇದೊಂದನ್ನು ಸಂಘದ ಸಭೆಯಲ್ಲಿ ಮೊದಲೇ ಗಟ್ಟಿ ಮಾಡಿಕೊಳ್ಳಿ, ಇಲ್ಲದಿದ್ದರೆ ಕಾಲುದಾರಿ ಮನೆಗೊಂದು ಎತ್ತರಕ್ಕೆ ಏರಿಳಿಯುತ್ತದೆ.

ಕಾಲುದಾರಿಗೆ ಇಂಟರ್‌ಲಾಕ್ ಟೈಲ್ಸ್ ಯಾಕೆ? ಪಕ್ಕದಲ್ಲೇ ಹಾಸುಗಲ್ಲಿಗೆ ಹೆಸರಾದ ಶಹಾಬಾದ್ ಇದೆ. ಪಾಲಿಶ್ ಮಾಡದ ಫರ್ಸಿ ಕಲ್ಲು, 2 ಇಂಚು ದಪ್ಪದ್ದು, ರೋಲರ್ ಹೊಡೆದ ಗರಸಿನ, ಅಂದರೆ ಗಟ್ಟಿ ಜಲ್ಲಿಮಣ್ಣಿನ, ಮೇಲೆ 2 ಇಂಚು ಮರಳು ಹರಡಿ ಕೂರಿಸಿದರೆ ಸಾಕು. ಒಂದಿಂಚಿನದ್ದು ಅಗ್ಗಕ್ಕೆ ಸಿಗುತ್ತದೆ, ಮೋಟರ್‌ಸೈಕಲ್ ಏರಿದ ವಾರಕ್ಕೇ ನಡುಮುರಿಯುತ್ತದೆ. ಪಾಲಿಶ್ ಮಾಡಿದ್ದರ ಮೇಲೆ ಮಳೆಯಲ್ಲಿ ವಯಸ್ಸಾದವರು ಜಾರುತ್ತಾರೆ. ಚರಂಡಿಯ ಮೇಲಿನ ಮುಚ್ಚಳಗಳಲ್ಲಿ ಪ್ರತಿ 30 ಅಡಿಗೊಂದನ್ನು ಇಬ್ಬರು ಎತ್ತುವಷ್ಟು ಹಗುರವಾಗಿ, ಕಬ್ಬಿಣದ ಬಳೆ ಹಾಕಿಸಿ ಮಾಡಿಸಿ. ಎರೆಮಣ್ಣಿನ ನೆಲದಲ್ಲಿ ಚರಂಡಿ ಮೊದಲ ಎರಡು ಮಳೆಗೇ ಅರ್ಧ ಹೂಳು ತುಂಬುತ್ತದೆ. ಮುಚ್ಚಳಕ್ಕೆಲ್ಲ ಸಿಮೆಂಟ್ ಮೆತ್ತಿ ಮುಚ್ಚಿದ್ದರೆ ಅದನ್ನು ತೆಗೆಯಲು ಒಡೆಯುವುದೇ ದಾರಿ. ಚರಂಡಿಗೆ 100 ಅಡಿಗೆ 6 ಇಂಚು ಇಳಿಜಾರು ಸಿಗುತ್ತದೋ ಇಲ್ಲವೋ ಎಂಬುದನ್ನು ಕೆಲಸಕ್ಕೆ ಮುಂಚೆ ಲೆವೆಲ್ ಹಿಡಿಸಿ ನೋಡಿ.

ರಸ್ತೆಯ ಎತ್ತರದ ಬಗ್ಗೆ ಒಂದು ಮಾತು. ಮುಗಿದ ಕಾಂಕ್ರೀಟಿನ ಮೇಲ್ಮೈ ಓಣಿಯ ಅತಿ ತಗ್ಗಿನ ಗೇಟಿನ ಹೊಸ್ತಿಲಿಗಿಂತ ಕನಿಷ್ಠ 6 ಇಂಚು ಕೆಳಗಿರಬೇಕು. ಇದ್ದ ರಸ್ತೆಯ ಮೇಲೇ ಸುರಿದು ಹೋದರೆ ಗುತ್ತಿಗೆದಾರನಿಗೆ ಅಗೆತದ ಖರ್ಚು ಉಳಿಯುತ್ತದೆ, ನಿಮ್ಮ ಮನೆಯೊಳಗೆ ನೀರು ಬರುತ್ತದೆ. ಎರೆಮಣ್ಣನ್ನು ಅಗೆದು ತೆಗೆದು ಒಂದಡಿ ಗರಸು, ಗುತ್ತಿಗೆದಾರರ ಮಾತಿನಲ್ಲಿ ಮುರುಮ್, 6 ಇಂಚಿನ ಎರಡು ಪದರಗಳಲ್ಲಿ ನೀರು ಹೊಡೆದು ರೋಲ್ ಮಾಡಿಸಬೇಕು. ಅದರ ಮೇಲಿನ ಕಾಂಕ್ರೀಟ್ 6 ಇಂಚಿಗಿಂತ ತೆಳ್ಳಗೆ ಬೇಡ. ಪ್ರತಿ 14 ಅಡಿಗೆ ಅಡ್ಡ ಸೀಳು ಹಾಕಬೇಕು, ಅದೂ ಮರುದಿನದೊಳಗೆ; ತಡವಾದರೆ ಕಾಂಕ್ರೀಟ್ ತನಗೆ ಬೇಕಾದಲ್ಲಿ ತಾನೇ ಸೀಳಿಕೊಳ್ಳುತ್ತದೆ. ಹದಿನಾಲ್ಕು ದಿನ ಗೋಣಿಚೀಲ ಹೊದಿಸಿ ನೀರು ಹಾಕಬೇಕು. ಚೀಲ ಮೂರನೇ ದಿನಕ್ಕೆ ಮಾಯವಾಗುವುದು ವಾಡಿಕೆ, ಓಣಿಯವರೇ ಸರದಿ ಹಾಕಿಕೊಂಡು ನೋಡಿಕೊಳ್ಳಿ.

ಸುರಿಯುವ ಮುಂಚೆ ಎರಡು ಮನೆಗೊಂದರಂತೆ 4 ಇಂಚಿನ ಪಿ.ವಿ.ಸಿ. ಪೈಪು ಜೋಡಿಯನ್ನು ರಸ್ತೆಗೆ ಅಡ್ಡಲಾಗಿ, ಎರಡೂವರೆ ಅಡಿ ಆಳದಲ್ಲಿ ಹುಗಿಸಿ, ತುದಿಗಳಿಗೆ ಮುಚ್ಚಳ ಹಾಕಿಸಿ, ಕಂಪೌಂಡಿನ ಮೇಲೆ ಬಣ್ಣದಲ್ಲಿ ಗುರುತು ಬರೆಸಿ. ನಾಳೆ ನಲ್ಲಿಯದ್ದೋ ಕೇಬಲ್‌ನದ್ದೋ ಸಂಪರ್ಕ ಆ ತೂತಿನೊಳಗೆ ಹೋಗುತ್ತದೆ. ಖರ್ಚು ಸಣ್ಣದು, ಇದಿಲ್ಲದ ರಸ್ತೆಗಳನ್ನು ವರ್ಷದೊಳಗೆ ಡ್ರಿಲ್ಲಿಂಗ್ ಯಂತ್ರ ಕೊರೆಯುತ್ತದೆ. ನಿರಂತರ ನೀರಿನ ಯೋಜನೆಯ ಪೈಪು ಅಥವಾ ಒಳಚರಂಡಿ ನಿಮ್ಮ ಓಣಿಗೆ ಇನ್ನೂ ಬಂದಿರದಿದ್ದರೆ ಅದು ಮುಗಿಯುವ ತನಕ ಕಾಂಕ್ರೀಟ್ ಬೇಡ ಎಂದು ಬರೆದು ಕೊಡುವುದೇ ಜಾಣತನ.

ಇನ್ನು ಗಿಡ, ಗೋಡೆ. ಹೆದರಿಕೆ ಪೂರ್ತಿ ಸುಳ್ಳಲ್ಲ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ. ಈ ಉಬ್ಬು–ಕುಗ್ಗು ಹತ್ತು ಹನ್ನೆರಡು ಅಡಿ ಆಳದ ತನಕವೂ ಇರುತ್ತದೆ. ನಮ್ಮ ಕಂಪೌಂಡುಗಳ ಪಾಯ ಎರಡೇ ಅಡಿ. ಹಾಗಾಗಿ ಒಂದೂ ಗಿಡ ಇಲ್ಲದ ಕಡೆಯೂ ಗೋಡೆಗಳು ಸೀಳುತ್ತವೆ. ಒಂದು ಬದಿ ಸದಾ ಸೋರುವ ನಲ್ಲಿ, ಇನ್ನೊಂದು ಬದಿ ಒಣನೆಲ ಇದ್ದರೆ ಸಾಕು. ಬೇರು ಬೇಸಿಗೆಯಲ್ಲಿ ಮಣ್ಣಿನ ತೇವ ಹೀರಿ ಈ ಕುಗ್ಗುವಿಕೆಯನ್ನು ಹೆಚ್ಚು ಮಾಡುತ್ತದೆ ಎನ್ನುವುದೂ ನಿಜ. ಆದ್ದರಿಂದ ಗಿಡವನ್ನು ಕಂಪೌಂಡಿಗೆ ಅಂಟಿಸಿ ಹಚ್ಚಬಾರದು. ಮೇಲೆ ಹೇಳಿದ ಹಂಚಿಕೆಯಲ್ಲಿ ಗಿಡದ ಬುಡ ಕಂಪೌಂಡಿನಿಂದ 8 ಅಡಿ ದೂರ ಬೀಳುತ್ತದೆ, ಮನೆಯ ಗೋಡೆ ಅದಕ್ಕಿಂತ ಹಿಂದೆ. ಆಲ, ಅರಳಿ 30 ಅಡಿ ರಸ್ತೆಗೆ ಬೇಡವೇ ಬೇಡ, ಅವು ಪಾರ್ಕಿನ ಮೂಲೆಗೆ. ಓಣಿಗೆ ಹೊಂಗೆ, ಬೇವು. ತಂತಿ ಹಾಯ್ದ ಕಡೆ ಕಕ್ಕೆ, ಬಸವನಪಾದ. ನಮ್ಮ ಮತ ಹೊಂಗೆಗೆ: ನೆರಳು ದಟ್ಟ, ಆಡು ಬಾಯಿ ಹಾಕುವುದಿಲ್ಲ. ಬೇಗ ಹಸಿರು ಕಾಣುತ್ತದೆಂದು ಕೋನೋಕಾರ್ಪಸ್ ಎಂಬ ಹೊರದೇಶದ ಗಿಡ ತಂದುಕೊಡುವವರು ಬಂದರೆ ಕೈಮುಗಿದು ಕಳಿಸಿ. ಗುಜರಾತ್ ಸರ್ಕಾರ 2023ರಲ್ಲೇ ಅದನ್ನು ನೆಡುವುದನ್ನು ನಿಷೇಧಿಸಿದೆ.

ಯಾವ ಬದಿಗೆ ಹಚ್ಚಬೇಕು? ಉತ್ತರ–ದಕ್ಷಿಣ ರಸ್ತೆಯಾದರೆ ಪೂರ್ವ ಬದಿಗೆ. ಪಶ್ಚಿಮದ ಸಾಲಿನ ಮನೆಗಳ ನೆರಳು ಮಧ್ಯಾಹ್ನದ ಮೇಲೆ ಆ ಬದಿಯ ರಸ್ತೆಗೆ ತಾನೇ ಬೀಳುತ್ತದೆ. ಪಡುವಣ ಬಿಸಿಲನ್ನು ಮುಖಕ್ಕೆ ತಿನ್ನುವವು ಪೂರ್ವ ಸಾಲಿನ ಮನೆಗಳು. ಪೂರ್ವ–ಪಶ್ಚಿಮ ರಸ್ತೆಯಲ್ಲಿ ಬೆಳಿಗ್ಗೆ, ಸಂಜೆ ಬಿಸಿಲು ರಸ್ತೆಯ ಉದ್ದಕ್ಕೇ ಹಾಯುವುದರಿಂದ ಯಾವ ಮನೆಯ ನೆರಳೂ ಒದಗುವುದಿಲ್ಲ. ನಿಮ್ಮ ಬಡಾವಣೆಯಲ್ಲಿ 40 ಅಡಿಯ ಅಂಥ ರಸ್ತೆಯಿದ್ದರೆ ಎರಡೂ ಬದಿಗೆ ಹಚ್ಚಿ.

ಗಿಡದ ಪಟ್ಟಿಯಿಂದ ರಸ್ತೆಗೂ ಒಂದು ಅಪಾಯ ಇದೆ, ಇದನ್ನು ಎಂಜಿನಿಯರ್ ಎತ್ತಿಯೇ ಎತ್ತುತ್ತಾರೆ. ಪಟ್ಟಿಯ ನೀರು ಕಾಂಕ್ರೀಟಿನ ಅಂಚಿನ ಕೆಳಗೆ ಇಳಿದರೆ ಅಲ್ಲಿನ ಎರೆ ಉಬ್ಬಿ ಅಂಚಿನಿಂದ ಎರಡು ಮೂರು ಅಡಿ ಒಳಗೆ ಉದ್ದ ಸೀಳು ಬರುತ್ತದೆ. ಉಪಾಯ ಸರಳ. ಅಂಚುಗಲ್ಲಿನ ಪಕ್ಕ 2 ಅಡಿ ಆಳದ ಸೀಳು ತೋಡಿ ದಪ್ಪ ಪ್ಲಾಸ್ಟಿಕ್ (ಎಚ್.ಡಿ.ಪಿ.ಇ.) ಹಾಳೆಯನ್ನು ನೆಟ್ಟಗೆ ನಿಲ್ಲಿಸಿ ಮುಚ್ಚಿ. ನೀರನ್ನೂ ತಡೆಯುತ್ತದೆ, ಬೇರನ್ನೂ ಕೆಳಮುಖ ಮಾಡುತ್ತದೆ. ಕಾಲುದಾರಿಯ ಬದಿಗೂ ಹೀಗೇ ಮಾಡಿದರೆ ಕಂಪೌಂಡಿನವರ ಬಾಯಿ ಕಟ್ಟಿದಂತೆ.

ಪಟ್ಟಿಯ ಮಣ್ಣು ರಸ್ತೆಗಿಂತ 4 ಇಂಚು ತಗ್ಗಿರಲಿ. ರಸ್ತೆಯ ಇಳಿಜಾರು ಪೂರ್ತಿ ಆ ಕಡೆಗೇ ಇರಲಿ, ಅಂಚುಗಲ್ಲಿನಲ್ಲಿ ಪ್ರತಿ 15 ಅಡಿಗೆ ಒಂದಡಿ ಬಾಯಿ ಬಿಡಿ, ತುಂಬಿ ಹೆಚ್ಚಾದ ನೀರು ಪೈಪಿನಲ್ಲಿ ಚರಂಡಿಗೆ ಹೋಗಲಿ. 600 ಅಡಿ ಉದ್ದದ ಓಣಿ 30 ಅಡಿಯೂ ಕಾಂಕ್ರೀಟ್ ಆಗಿದ್ದರೆ 50 ಮಿಲಿಮೀಟರ್ ಮಳೆಗೆ ಸುಮಾರು 75 ಸಾವಿರ ಲೀಟರ್ ನೀರು ತಗ್ಗಿನ ಮನೆಗಳ ಕಡೆ ಓಡುತ್ತದೆ. ಈ ಹಂಚಿಕೆಯಲ್ಲಿ ಅದು 50 ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಗೇಟುಗಳ ಎದುರು ಪಟ್ಟಿ ತುಂಡಾಗುವುದನ್ನು ಲೆಕ್ಕಕ್ಕೆ ಹಿಡಿದೇ ಹೇಳುತ್ತಿದ್ದೇವೆ.

ಹಚ್ಚುವುದು ಜೂನ್‌ನಲ್ಲಿ, ಎರಡು ಹದ ಮಳೆ ಬಿದ್ದ ಮೇಲೆ. ಪಟ್ಟಿಯೇ ತಗ್ಗಿರುವುದರಿಂದ ಸಸಿಯನ್ನು ತಗ್ಗಿನಲ್ಲಿ ಇಡಬೇಡಿ. ಸಣ್ಣ ದಿಬ್ಬ ಮಾಡಿ, ಸಸಿಯ ಕೊರಳು, ಅಂದರೆ ಕಾಂಡ ಬೇರು ಸೇರುವ ಜಾಗ, ರಸ್ತೆಯ ಮಟ್ಟಕ್ಕೆ ಬರುವಂತೆ ಹಚ್ಚಿ. ಬೇವು ಬಿಸಿಲು ತಡೆಯುತ್ತದೆ, ಬುಡದಲ್ಲಿ ನಿಂತ ನೀರು ತಡೆಯುವುದಿಲ್ಲ. ಗುಂಡಿ 3 ಅಡಿ ಉದ್ದ, ಅಗಲ, ಆಳ. ತೆಗೆದ ಎರೆ ಅರ್ಧ, ಗರಸು ಕಾಲು, ಕಳಿತ ಗೊಬ್ಬರ ಕಾಲು ಬೆರೆಸಿ ತುಂಬಿ. ಸಸಿ ಆರಡಿ ಎತ್ತರದ್ದಿರಲಿ. ನಿವೇಶನಕ್ಕೊಂದು, ಎರಡು ಮನೆಗಳ ಗಡಿಗೆ ಸರಿಯಾಗಿ ಹಚ್ಚಿದರೆ ಗೇಟಿಗೆ ಅಡ್ಡ ಬರುವುದಿಲ್ಲ. ಎರಡು ಬೇಸಿಗೆ, ಐದು ದಿನಕ್ಕೊಮ್ಮೆ 20 ಲೀಟರ್. ಬೇಸಿಗೆಯಲ್ಲಿ ಬುಡದ ನೆಲ ಬಿರಿದರೆ ಆ ಸೀಳಿನಲ್ಲಿ ಗಾಳಿ ಹೊಕ್ಕು ಎಳೆ ಬೇರು ಒಣಗುತ್ತದೆ, ಹಾಕಿದ ನೀರೂ ಸೀಳಿನಲ್ಲಿ ಇಳಿದು ಹೋಗುತ್ತದೆ. ತೊಗರಿ ಕಟ್ಟಿಗೆ ಕಡಿದು ನಾಲ್ಕು ಇಂಚು ಹೊದಿಸಿ. ತೊಗರಿಯ ಜಿಲ್ಲೆಯಲ್ಲಿ ಅದಕ್ಕೇನು ಬರ? ಕೊನೆಗೆ ಚಂದ ಕಾಣಲೆಂದು ಯಾರಾದರೂ ಬುಡದ ಸುತ್ತ ಸಿಮೆಂಟ್ ಬಳಿಯಲು ಬರುತ್ತಾರೆ. ದೆಹಲಿಯಲ್ಲಿ ಮರದ ಬುಡದಿಂದ ಒಂದು ಮೀಟರ್‌ವರೆಗಿನ ಕಾಂಕ್ರೀಟ್ ಕಿತ್ತುಹಾಕುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶಿಸಿದ್ದನ್ನು ಅವರಿಗೆ ತಿಳಿಸಿ.

ಇಂಗುಗುಂಡಿಯ ವಿಷಯ. ಎರೆಯಲ್ಲಿ ತೋಡಿದ ಆರಡಿ ಗುಂಡಿ ಇಂಗುಗುಂಡಿಯಲ್ಲ, ಹೊಂಡ. ಮೊದಲ ಮಳೆಗೆ ಎರೆ ಉಬ್ಬಿ ತನ್ನ ಬಿರುಕುಗಳನ್ನೆಲ್ಲ ತಾನೇ ಮುಚ್ಚಿಕೊಳ್ಳುತ್ತದೆ. ನಿಂತ ನೀರಿನಲ್ಲಿ ಏಳೆಂಟು ದಿನಕ್ಕೆ ಸೊಳ್ಳೆ ಏಳುತ್ತದೆ. ಬೀದರ್‌ನಲ್ಲಿ ಕೆಲಸ ಮಾಡಿದ ಗುಂಡಿ ನಮ್ಮಲ್ಲೇಕೆ ಮಾಡುವುದಿಲ್ಲ ಅಂತ ಕೇಳುವವರಿದ್ದಾರೆ. ಬೀದರ್ ಕೂತಿರುವುದು ಜಂಬಿಟ್ಟಿಗೆಯ ದಿಬ್ಬದ ಮೇಲೆ. ಆ ಕಲ್ಲು ಸ್ಪಂಜಿನಂತೆ ನೀರು ಕುಡಿಯುತ್ತದೆ. ಬಹಮನಿ ಕಾಲದಲ್ಲಿ ಬೀದರ್ ಪಕ್ಕದ ನೌಬಾದ್‌ನ ಸುರಂಗಬಾವಿ ತೋಡಿದವರು ಇದನ್ನು ಅರಿತೇ ನೆಲದೊಳಗಿನ ನೀರನ್ನು ಸಣ್ಣ ಇಳಿಜಾರಿನಲ್ಲಿ ಹರಿಸಿಕೊಂಡರು. ನಿಮ್ಮ ಪಾರ್ಕಿನ ಗುಂಡಿಯನ್ನು ಮುಚ್ಚುವ ಬದಲು ಆಳ ಮಾಡಿ. ಎರೆ ದಾಟಿ ಗರಸು ಸಿಗುವ ತನಕ ಅಗೆದು 3 ಅಡಿ ವ್ಯಾಸದ ಸಿಮೆಂಟ್ ರಿಂಗು ಇಳಿಸಿ. 20 ಅಡಿ ಹೋದರೆ 4 ಸಾವಿರ ಲೀಟರ್ ಹಿಡಿಯುತ್ತದೆ. ಕಲ್ಲು ತುಂಬಬೇಡಿ, ಹೂಳು ತೆಗೆಯಲು ಒಳಗೆ ಜಾಗ ಬೇಕು. ಮೊದಲು ಎರಡು ಟ್ಯಾಂಕರ್ ನೀರು ಬಿಟ್ಟು ನೋಡಿ. ಎರಡು ದಿನದಲ್ಲಿ ಇಳಿಯದಿದ್ದರೆ ಆ ಜಾಗ ಕೈಬಿಡಿ. ಪಾರ್ಕಿನ ಹಾಗೂ ಮಾಳಿಗೆಯ ನೀರು ಮಾತ್ರ ಅದಕ್ಕೆ ಹೋಗಲಿ, ಹೂಳು ಕೂರಲು ಮುಂದೊಂದು ಸಣ್ಣ ತೊಟ್ಟಿ ಇರಲಿ. ರಸ್ತೆಯ ನೀರಿನಲ್ಲಿ ಆಯಿಲ್, ಸೆಗಣಿ ಎಲ್ಲ ಇರುತ್ತದೆ. ಅದನ್ನು ಬೋರಿನ ನೀರಿಗೆ ಬೆರೆಸಬೇಡಿ. ಬಾಯಿಗೆ ಗಟ್ಟಿ ಮುಚ್ಚಳ, ಬೀಗ. ಮಕ್ಕಳು ಆಡುವ ಜಾಗ ಅದು.

ಸಿ.ಎ. ಸೈಟಿಗೆ ಮೊದಲು ತಂತಿ ಬೇಲಿ, ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಒಂದು ಅರ್ಜಿ: ಅಂಗನವಾಡಿ ಬೇಕು ಅಂತ. 140 ನಿವೇಶನದ ಬಡಾವಣೆಯಲ್ಲಿ ಮಕ್ಕಳಿಗೇನೂ ಕಮ್ಮಿ ಇರುವುದಿಲ್ಲ. ಫಂಕ್ಷನ್ ಹಾಲ್ ಆಗಲಿ ಅನ್ನುವವರು ಸಿಗುತ್ತಾರೆ. ಅದರ ಪಾರ್ಕಿಂಗು, ಡಿ.ಜೆ. ಎರಡೂ ನಿಮ್ಮ ಗೇಟಿನ ಮುಂದೆಯೇ ಬಂದು ನಿಲ್ಲುತ್ತವೆ.

ಶುರು ಎಲ್ಲಿಂದ ಅಂದಿರಿ. ಮಂಜೂರಾದ ಕಾಮಗಾರಿಯ ಅಂದಾಜು ಪಟ್ಟಿಯಿಂದ. ವಾರ್ಡಿನ ಎಂಜಿನಿಯರ್ ಹತ್ತಿರ ಅದರ ಪ್ರತಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಮೂವತ್ತು ದಿನದ ಗಡುವಿದೆ. ಅದರಲ್ಲಿ ಕ್ರಾಸ್ ಸೆಕ್ಷನ್ ನಕ್ಷೆಯ ಒಂದು ಪುಟ ಇರುತ್ತದೆ. ಕಾಂಕ್ರೀಟಿನ ಅಗಲ, ಗರಸಿನ ದಪ್ಪ, ಚರಂಡಿ ಎಲ್ಲ ಆ ಒಂದು ಪುಟದಲ್ಲೇ ತಿಳಿಯುತ್ತದೆ. ಕಾರ್ಯಾದೇಶ ಹೊರಡುವ ಮುಂಚೆ ಬದಲಾವಣೆ ಕೇಳಿದರೆ ಕಾಗದದ ಕೆಲಸ, ಜೆ.ಸಿ.ಬಿ. ಬಂದು ನಿಂತ ಮೇಲೆ ಕೇಳಿದರೆ ಜಗಳ. ಆ ಪುಟ ಕೈಗೆ ಸಿಕ್ಕಾಗ ನಮಗೂ ಒಂದು ಪ್ರತಿ ಕಳಿಸಿ. ಅಳತೆಗಳನ್ನು ನೋಡಿ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆ.

— ಸಂ.