ರಾಯಚೂರು ಕಡೆ ಹಳ್ಳಿಯ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಓದು ಯಾಕೆ ಹಿಂದೆ ಬೀಳುತ್ತದೆ?

ಮಕ್ಕಳು ದಡ್ಡರಲ್ಲ. ದೊಡ್ಡ ತೊಂದರೆ ಹಾಜರಿಯದ್ದು. ಹತ್ತಿ ಬಿಡಿಸುವ ಕಾಲಕ್ಕೆ 4, 5ನೇ ತರಗತಿ ಮಕ್ಕಳೂ ಹೊಲಕ್ಕೆ ಹೋಗುತ್ತಾರೆ, ಇಲ್ಲಾಂದ್ರೆ ತಮ್ಮ-ತಂಗಿಯರನ್ನು ನೋಡಿಕೊಂಡು ಮನೆಯಲ್ಲೇ ಉಳಿಯುತ್ತಾರೆ. ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೋದರೆ ಮಗುವೂ ಜೊತೆಗೆ. ವಾಪಸ್ ಬಂದಾಗ ಹೆಸರು ಹಾಜರಿ ಪುಸ್ತಕದಲ್ಲಿರುತ್ತದೆ, ಕಲಿತ ಒತ್ತಕ್ಷರ ಮಾತ್ರ ಮರೆತಿರುತ್ತದೆ. ಮಗು ತನ್ನ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ‘ನಲಿಕಲಿ’ ಪದ್ಧತಿ ಇರುವ 1ರಿಂದ 3ನೇ ತರಗತಿವರೆಗೆ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ತುಂಬಾ ಒಳ್ಳೆಯ ಪದ್ಧತಿ ಅದು. ಆಮೇಲೆ ಆ ಅನುಕೂಲ ಇಲ್ಲ.

ಕಾಯಂ ಶಿಕ್ಷಕರೂ ಕಡಿಮೆ, ಅತಿಥಿ ಶಿಕ್ಷಕರಿಂದಲೇ ಎಷ್ಟೋ ಕಡೆ ಪಾಠ ನಡೆಯುತ್ತದೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 60, ರಾಜ್ಯದ್ದು ಶೇ. 75. ಮನೆಯಲ್ಲಿ ಹೇಳಿಕೊಡೋರು ಯಾರು? ಸುಮ್ನೆ ಶಿಕ್ಷಕರನ್ನು ಬೈಯುವುದಕ್ಕಿಂತ, ಗುಳೆ ಹೋಗುವವರ ಮಕ್ಕಳು ಊರಲ್ಲೇ ಉಳಿಯಲು ಹಾಸ್ಟೆಲ್ ಕೇಳೋಣ.