ಹಡಗಿನಲ್ಲಿ ಡಾಕ್ಟರ್ ಇಲ್ಲ, ನಿಜ. ಅದಕ್ಕೇ ಉಬ್ಬಸ ಮುಚ್ಚಿಡಬೇಡಿ

ಮದ್ದೂರು ತಾಲ್ಲೂಕಿನ ಓದುಗರೊಬ್ಬರು ಹೀಗೆ ಬರೆದಿದ್ದಾರೆ: ‘ನನ್ನ ತಂಗಿಯ ಮಗ ಜಿಪಿ ರೇಟಿಂಗ್ (ಹಡಗಿನ ಸಾಮಾನ್ಯ ಕೆಲಸಗಾರರ) ತರಬೇತಿ ಮುಗಿಸಿ ಸಿಡಿಸಿ (ಹಡಗು ನೌಕರರ ಗುರುತಿನ ಪುಸ್ತಕ) ಮಾಡಿಸಿಕೊಂಡಿದ್ದಾನೆ. ಮುಂದಿನ ತಿಂಗಳು ಸರಕು ಹಡಗು ಹತ್ತಬೇಕು. ಚಿಕ್ಕವನಿದ್ದಾಗ ಉಬ್ಬಸ ಇತ್ತು, ಹೈಸ್ಕೂಲ್ ದಾಟಿದ ಮೇಲೆ ಇನ್‌ಹೇಲರ್ ಮುಟ್ಟಿಲ್ಲ. ಮೆಡಿಕಲ್ ಪರೀಕ್ಷೆಯಲ್ಲಿ ಅದನ್ನೆಲ್ಲ ಬಾಯಿ ಬಿಡಬೇಡಿ ಅಂತಾನೆ ಏಜೆಂಟ್. ಹಡಗಿನಲ್ಲಿ ಡಾಕ್ಟರೇ ಇರುವುದಿಲ್ಲವಂತೆ, ನಿಜವೇ? ಕಾಯಿಲೆ ಬಿದ್ದರೆ ಖರ್ಚು ಯಾರದು? ಸಂಬಳ ನಿಲ್ಲುತ್ತದೆಯೇ? ಆಫ್ರಿಕಾ ಕಡೆಗೂ ಹೋಗುವ ಹಡಗಂತೆ, ಸೂಜಿ ಹಾಕಿಸಬೇಕೇ? ನನ್ನ ತಂಗಿ ಊಟ ಬಿಟ್ಟು ಕೂತಿದ್ದಾಳೆ.’

ಸಂಪಾದಕರ ಉತ್ತರ:

ಮಂಡ್ಯ ಸೀಮೆಯಿಂದ ಮೈಸೂರಿನ ನಮ್ಮ ಕಚೇರಿಗೆ ಬರುವ ಪತ್ರಗಳಲ್ಲಿ ನಾಲೆ ನೀರು, ಕಬ್ಬಿನ ಬಾಕಿಯೇ ಜಾಸ್ತಿ. ಸಮುದ್ರದ ವಿಷಯ ಬರುವುದು ಅಪರೂಪ. ಹಾಗಾಗಿ ಸ್ವಲ್ಪ ಉದ್ದಕ್ಕೇ ಉತ್ತರಿಸುತ್ತೇನೆ.

ನೀವು ಕೇಳಿದ್ದು ನಿಜ. ಆ ಹಡಗಿನಲ್ಲಿ ಡಾಕ್ಟರ್ ಇರುವುದಿಲ್ಲ. ಹಡಗು ನೌಕರರ ಹಕ್ಕುಗಳಿಗೆಲ್ಲ ಈಗ ತಾಯಿಬೇರು ಅಂದರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2006ರ ಕಡಲ ಕಾರ್ಮಿಕ ಒಪ್ಪಂದ. ಅದು ಜಾರಿಗೆ ಬಂದಿದ್ದು 2013ರಲ್ಲಿ. ಭಾರತ ಒಪ್ಪಿದ್ದು 2015ರಲ್ಲಿ. ಅದರ ಪ್ರಕಾರ 100 ಅಥವಾ ಅದಕ್ಕಿಂತ ಹೆಚ್ಚು ಜನರನ್ನು ಹೊತ್ತು, ಬೇರೆ ದೇಶಗಳಿಗೆ 3 ದಿನ ಮೀರಿದ ಪಯಣ ಮಾಡುವ ಹಡಗಿಗೆ ಮಾತ್ರ ಡಾಕ್ಟರ್ ಕಡ್ಡಾಯ. ಸರಕು ಹಡಗು ಎಷ್ಟೇ ದೊಡ್ಡದಿರಲಿ, ಅದರಲ್ಲಿ ಇರುವವರು ಸಾಮಾನ್ಯವಾಗಿ ಇಪ್ಪತ್ತು, ಇಪ್ಪತ್ತೈದು ಜನ. ಲೆಕ್ಕಕ್ಕೆ ಸಿಗುವುದೇ ಇಲ್ಲ.

ಹಾಗಾದರೆ ಔಷಧಿ ಕೊಡುವವರು ಯಾರು? ಒಬ್ಬ ಅಧಿಕಾರಿ, ಹೆಚ್ಚಿನ ಹಡಗುಗಳಲ್ಲಿ ಸೆಕೆಂಡ್ ಆಫೀಸರ್. ನಕ್ಷೆ ನೋಡಿ ದಾರಿ ಹಾಕುವುದೂ ಅವರೇ, ಜ್ವರ ನೋಡುವುದೂ ಅವರೇ. ಅದಕ್ಕೆಂದೇ ವೈದ್ಯಕೀಯ ತರಬೇತಿ ಪಡೆದಿರುತ್ತಾರೆ. ಗಾಯಕ್ಕೆ ಹೊಲಿಗೆ ಹಾಕುವುದು, ಡ್ರಿಪ್ ಏರಿಸುವುದು, ಇಂಜೆಕ್ಷನ್ ಕೊಡುವುದು ಅವರಿಗೆ ಗೊತ್ತಿರುತ್ತದೆ. ಹಡಗಿನಲ್ಲಿ ಔಷಧಿ ಪೆಟ್ಟಿಗೆ, ಜೊತೆಗೆ ವೈದ್ಯಕೀಯ ಕೈಪಿಡಿ ಇರಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ ಹಡಗುಗಳಿಗೆಂದೇ ಅಂಥದ್ದೊಂದು ಕೈಪಿಡಿ ಹೊರತಂದಿದೆ. ಪೆಟ್ಟಿಗೆಯನ್ನು 12 ತಿಂಗಳಿಗೊಮ್ಮೆಯಾದರೂ ತಪಾಸಣೆ ಮಾಡಿಸಬೇಕು. ಮಾರ್ಫಿನ್‌ನಂಥ ಔಷಧಿಗೆ ಮಾತ್ರ ಕ್ಯಾಪ್ಟನ್ ಕೋಣೆಯ ತಿಜೋರಿಯೇ ಜಾಗ.

ಅವರ ಕೈ ಮೀರಿದರೆ ದಡದಲ್ಲಿರುವ ಡಾಕ್ಟರ್‌ಗೆ ಉಪಗ್ರಹ ಫೋನ್ ಹೋಗುತ್ತದೆ. ದಿನದ 24 ಗಂಟೆಯೂ ಈ ಸಲಹೆ ಸಿಗಬೇಕು, ಅದೂ ಪುಕ್ಕಟೆಯಾಗಿ ಎಂಬುದು ನಿಯಮ. ರೋಮ್ ನಗರದಲ್ಲಿ ಇದಕ್ಕೆಂದೇ 1935ರಲ್ಲಿ ಶುರುವಾದ ಒಂದು ಕೇಂದ್ರವಿದೆ. ಅದರ ಮೊದಲ ಅಧ್ಯಕ್ಷರು ರೇಡಿಯೋ ಖ್ಯಾತಿಯ ಮಾರ್ಕೋನಿ! ಹುಡುಗ ಕಾಯಿಲೆ ಬಿದ್ದ ಎನ್ನಿ. ಸೆಕೆಂಡ್ ಆಫೀಸರ್ ಅವನನ್ನು ಮಲಗಿಸಿ, ಜ್ವರ, ನಾಡಿ, ಬಿಪಿ ಎಲ್ಲ ಬರೆದುಕೊಂಡು ಫೋನಿನಲ್ಲಿ ಡಾಕ್ಟರ್‌ಗೆ ಓದಿ ಹೇಳುತ್ತಾರೆ. ಹೊಟ್ಟೆ ಒತ್ತಿದಾಗ ನೋವೇ, ಕೈ ತೆಗೆದಾಗ ನೋವೇ ಎಂದು ಆ ಕಡೆಯಿಂದ ಪ್ರಶ್ನೆ ಬರುತ್ತದೆ. ಮುಂದಿನ ಪ್ರಶ್ನೆ ಸಾಮಾನ್ಯವಾಗಿ ಇದೇ: ಇವನಿಗೆ ಮೊದಲಿಂದ ಏನಾದರೂ ಕಾಯಿಲೆ ಇತ್ತೇ?

ನಿಮ್ಮ ಏಜೆಂಟ್ ಮುಚ್ಚಿಡು ಅನ್ನುತ್ತಿರುವುದು ಈ ಪ್ರಶ್ನೆಯ ಉತ್ತರವನ್ನೇ. ನಡುಸಮುದ್ರಕ್ಕೆ ಹೆಲಿಕಾಪ್ಟರ್ ಬರುವುದಿಲ್ಲ, ಹತ್ತಿರದ ಬಂದರು ಎಷ್ಟೋ ದಿನದ ದಾರಿ. ಹುಡುಗ ಏದುಸಿರು ಬಿಡುತ್ತಿದ್ದಾನೆ, ಕಾಗದದಲ್ಲಿ ಮಾತ್ರ ‘ಯಾವ ಕಾಯಿಲೆಯೂ ಇಲ್ಲ’ ಎಂದಿದೆ. ಡಾಕ್ಟರ್ ಯಾವ ದಿಕ್ಕಿನಲ್ಲಿ ಯೋಚಿಸಬೇಕು ಹೇಳಿ? ಮತ್ತೆ, ಡೆಕ್ ಹುಡುಗರ ಕೆಲಸವಾದರೂ ಎಂಥದ್ದು ಅಂದುಕೊಂಡಿರಿ? ಧಾನ್ಯವನ್ನೋ ಕಲ್ಲಿದ್ದಲನ್ನೋ ಇಳಿಸಿದ ಮೇಲೆ ಹೋಲ್ಡ್‌ಗೆ, ಅಂದರೆ ಸರಕು ತುಂಬುವ ಜಾಗಕ್ಕೆ ಇಳಿದು ಗುಡಿಸಿ ತೊಳೆಯಬೇಕು. ತುಕ್ಕು ಕೆರೆಯಬೇಕು, ಪೇಂಟ್ ಹೊಡೆಯಬೇಕು. ಆಲೆಮನೆ ಹೊಗೆಯಲ್ಲಿ ಒಂದು ಗಂಟೆ ನಿಂತರೆ ಉಬ್ಬಸದವರಿಗೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ.

ಇನ್ನು ದುಡ್ಡಿನ ಮಾತು. ಏಜೆಂಟ್ ಹೇಳದೇ ಉಳಿಸಿಕೊಂಡಿರುವ ವಿಷಯ ಇಲ್ಲಿದೆ. ಹಡಗಿನ ಕೆಲಸದಲ್ಲಿದ್ದಾಗ ಕಾಯಿಲೆ ಬಿದ್ದರೆ, ಪೆಟ್ಟು ಬಿದ್ದರೆ ಚಿಕಿತ್ಸೆ, ಔಷಧಿ, ಊಟ, ವಸತಿ ಎಲ್ಲ ಹಡಗು ಮಾಲೀಕರ ಖರ್ಚು. ವಾಸಿಯಾಗುವವರೆಗೆ, ಇಲ್ಲವೇ ಇದು ಶಾಶ್ವತ ಎಂದು ಡಾಕ್ಟರ್ ಹೇಳುವವರೆಗೆ. ದೇಶಗಳು ತಮ್ಮ ಕಾನೂನಿನಲ್ಲಿ ಇದಕ್ಕೆ ಗಡುವು ಹಾಕಬಹುದು. ಆದರೆ 16 ವಾರಕ್ಕಿಂತ ಕಡಿಮೆ ಮಾಡುವ ಹಾಗಿಲ್ಲ. ಈ 16 ವಾರದ ಲೆಕ್ಕ ಇದೇ ಸಂಘಟನೆಯ 1936ರ ಒಪ್ಪಂದದಲ್ಲೇ ಇತ್ತು. ಅಷ್ಟು ಹಳೆಯದನ್ನು ಇನ್ನೂ ಹಿಗ್ಗಿಸಿಲ್ಲ ಎಂಬುದು ನನ್ನ ತಕರಾರು, ಅದಿರಲಿ. ಕಾಯಿಲೆ ಬಿದ್ದವನು ಹಡಗಿನಲ್ಲಿರುವವರೆಗೂ, ಊರಿಗೆ ಕಳಿಸುವವರೆಗೂ ಪೂರ್ತಿ ಸಂಬಳ. ಊರಿಗೆ ಬಂದ ಮೇಲೆ ಪೂರ್ತಿಯೋ ಒಂದು ಭಾಗವೋ ಎಂಬುದು ಕಾನೂನು ಮತ್ತು ಯೂನಿಯನ್ ಒಪ್ಪಂದದ ಮೇಲೆ ನಿಂತಿದೆ. ಹಾಗಾಗಿ ಕಾಂಟ್ರಾಕ್ಟ್ ಪ್ರತಿಯೊಂದು ನಿಮ್ಮ ಮನೆಯಲ್ಲೂ ಇರಲಿ.

ಆದರೆ ಅದೇ 2006ರ ಒಪ್ಪಂದದಲ್ಲಿ ಇನ್ನೊಂದು ಸಾಲಿದೆ. ಕೆಲಸಕ್ಕೆ ಸೇರುವಾಗ ಬೇಕೆಂದೇ ಮುಚ್ಚಿಟ್ಟ ಕಾಯಿಲೆಯಾದರೆ ಮಾಲೀಕರನ್ನು ಈ ಹೊಣೆಯಿಂದ ಬಿಡಿಸಲು ದೇಶದ ಕಾನೂನಿಗೆ ಅವಕಾಶವಿದೆ. ಅಂದರೆ ಹುಡುಗ ಯಾವುದೋ ದೂರದ ಬಂದರಿನ ಆಸ್ಪತ್ರೆಯಲ್ಲಿ ಮಲಗಿರುವಾಗ ಬಿಲ್ ನಿಮ್ಮ ಮನೆ ಬಾಗಿಲಿಗೆ ಬರಬಹುದು. ಏಜೆಂಟ್ ಅಷ್ಟು ಹೊತ್ತಿಗೆ ಫೋನ್ ಎತ್ತುತ್ತಾನಾ? ನನಗಂತೂ ನಂಬಿಕೆಯಿಲ್ಲ.

ಹೇಳಿದರೆ ಕೆಲಸ ಹೋಗುತ್ತದೆ ಎಂಬ ಭಯ ಅರ್ಥವಾಗುತ್ತದೆ. ತರಬೇತಿಗೆ ಸಾಲ ಮಾಡಿದ್ದೀರೋ ಏನೋ. ಆದರೆ ಬಾಲ್ಯದಲ್ಲಿ ಉಬ್ಬಸ ಇತ್ತು ಎಂದ ಮಾತ್ರಕ್ಕೆ ಅನರ್ಹ ಎಂದು ಸುಮ್ನೆ ಬರೆದುಬಿಡುವುದಿಲ್ಲ. ಎಷ್ಟು ತೀವ್ರವಾಗಿತ್ತು, ಇತ್ತೀಚಿನ ವರ್ಷಗಳಲ್ಲಿ ಆಸ್ಪತ್ರೆ ಸೇರಿದ್ದನೇ, ಈಗ ನಿತ್ಯ ಔಷಧಿ ಬೇಕೇ ಎಂದು ನೋಡಬೇಕು ಅನ್ನುತ್ತದೆ ಅಂತರರಾಷ್ಟ್ರೀಯ ಮಾರ್ಗಸೂಚಿ. ತೀರ್ಮಾನ ಡಿಜಿ ಶಿಪ್ಪಿಂಗ್ (ಹಡಗುಗಳ ವಿಷಯ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಕಚೇರಿ) ಮಾನ್ಯತೆ ಕೊಟ್ಟಿರುವ ಡಾಕ್ಟರದ್ದು. ಮೊದಲೇ ಮಂಡ್ಯದಲ್ಲೋ ಮೈಸೂರಿನಲ್ಲೋ ಶ್ವಾಸಕೋಶದ ಡಾಕ್ಟರ್ ಹತ್ತಿರ ಉಸಿರಾಟದ ಪರೀಕ್ಷೆ ಮಾಡಿಸಿ, ಆ ರಿಪೋರ್ಟ್ ಹಿಡಿದು ಹೋಗಲಿ. ತರಬೇತಿಗೆ ಸೇರುವಾಗಲೂ ಒಂದು ಮೆಡಿಕಲ್ ಆಗಿರುತ್ತದಲ್ವಾ? ಆಗ ಏನು ಹೇಳಿದ್ದ ಎಂದು ನೀವು ಬರೆದಿಲ್ಲ. ಆಗ ಹೇಳಿರದಿದ್ದರೂ ಈಗ ಹೇಳಲಿ.

ಅನರ್ಹ ಎಂದರೂ, ಅಥವಾ ಇಂಥ ಕೆಲಸ ಮಾತ್ರ ಮಾಡಬಹುದು ಎಂದು ಮಿತಿ ಹಾಕಿದರೂ, ಇನ್ನೊಬ್ಬ ಸ್ವತಂತ್ರ ಡಾಕ್ಟರಿಂದ ಮರುಪರೀಕ್ಷೆ ಕೇಳುವ ಹಕ್ಕು ಅವನಿಗಿದೆ. ಸರ್ಟಿಫಿಕೇಟ್ ಸಿಕ್ಕರೆ ಹೆಚ್ಚೆಂದರೆ 2 ವರ್ಷ ನಡೆಯುತ್ತದೆ. 18 ತುಂಬದವರಿಗೆ 1 ವರ್ಷ.

ಏಜೆಂಟ್ ಬಗ್ಗೆ ಇನ್ನೊಂದು ಮಾತು. ಮೆಡಿಕಲ್, ಸಿಡಿಸಿ, ಪಾಸ್‌ಪೋರ್ಟ್ ಖರ್ಚು ನಿಮ್ಮದಾಗಬಹುದು. ವೀಸಾ ಖರ್ಚು ಮಾಲೀಕರದು. ಕೆಲಸ ಕೊಡಿಸಿದ್ದಕ್ಕೆ ಕಮಿಷನ್ ಎಂದು ಒಂದು ರೂಪಾಯಿಯನ್ನೂ ಹುಡುಗನಿಂದ ತೆಗೆದುಕೊಳ್ಳುವಂತಿಲ್ಲ. ಕೇಳಿದ್ದರೆ, ಅವನ ಹತ್ತಿರ ಡಿಜಿ ಶಿಪ್ಪಿಂಗ್‌ನ ಆರ್‌ಪಿಎಸ್‌ಎಲ್ ಲೈಸೆನ್ಸ್ (ಹಡಗಿಗೆ ಜನ ನೇಮಿಸಿಕೊಡುವ ಪರವಾನಗಿ) ಇದೆಯೇ ಎಂದು ಇವತ್ತೇ ನೋಡಿ. ಕಾಯಿಲೆ ಮುಚ್ಚಿಡು ಅನ್ನುವವನ ಮೇಲೆ ನನಗೆ ಅನುಮಾನ ಜಾಸ್ತಿ.

ನಿಮ್ಮ ತಂಗಿಗೆ ಇದನ್ನು ಓದಿ ಹೇಳಿ. ಹಡಗು ಬಂದರಿಗೆ ಬಂದಾಗ, ಸಾಧ್ಯವಿದ್ದ ಕಡೆ ತಡವಿಲ್ಲದೆ ಡಾಕ್ಟರನ್ನೋ ಹಲ್ಲಿನ ಡಾಕ್ಟರನ್ನೋ ನೋಡುವುದು ಅವನ ಹಕ್ಕು. ಕೋವಿಡ್ ಕಾಲದಲ್ಲಿ ಕಾಯಿಲೆಯಾದ ನಾವಿಕರನ್ನೂ ದಡಕ್ಕೆ ಇಳಿಸಿಕೊಳ್ಳದೆ ಎಷ್ಟೋ ಬಂದರುಗಳು ಬಾಗಿಲು ಹಾಕಿದ್ದವು. ಅದಾದ ಮೇಲೆ 2006ರ ಒಪ್ಪಂದವನ್ನು ತಿದ್ದಿದರು. ತುರ್ತು ಚಿಕಿತ್ಸೆ ಬೇಕಾದವರನ್ನು ಕೂಡಲೇ ಇಳಿಸಿಕೊಳ್ಳಬೇಕು ಎಂಬ ಸಾಲು 2024ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ.

ಸೂಜಿಯ ಪ್ರಶ್ನೆಗೆ ಉತ್ತರ ಹೌದು. ಆಫ್ರಿಕಾದ ಎಷ್ಟೋ ದೇಶಗಳಿಗೆ ಹಳದಿ ಜ್ವರದ ಲಸಿಕೆ ಬೇಕು. ಸರ್ಕಾರ ಗೊತ್ತು ಮಾಡಿದ ಕೇಂದ್ರದಲ್ಲೇ ಹಾಕಿಸಬೇಕು. ಹಾಕಿಸಿದ 10 ದಿನದ ನಂತರವೇ ಲಸಿಕೆಯ ಕಾರ್ಡಿಗೆ ಮಾನ್ಯತೆ, ಆದ್ದರಿಂದ ಕೊನೇ ಗಳಿಗೆಗೆ ಇಟ್ಟುಕೊಳ್ಳಬೇಡಿ. 2016ರಿಂದ ಒಂದೇ ಡೋಸ್ ಜೀವನಪೂರ್ತಿ ನಡೆಯುತ್ತದೆ. ಕಾರ್ಡ್ ಇಲ್ಲದೆ ಆ ದೇಶಗಳಿಂದ ವಾಪಸ್ ಬಂದರೆ ನಮ್ಮ ಸರ್ಕಾರವೇ 6 ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಮಲೇರಿಯಾಗೆ ಲಸಿಕೆಯ ಬದಲು ಮಾತ್ರೆ ಕೊಡುತ್ತಾರೆ. ಯಾವಾಗ ಶುರು ಮಾಡಬೇಕು ಎಂದು ಸೆಕೆಂಡ್ ಆಫೀಸರ್ ಹೇಳುತ್ತಾರೆ. ದಡ ಬಿಟ್ಟ ಮೇಲೂ ಹೇಳಿದಷ್ಟು ದಿನ ಅದನ್ನು ನುಂಗಬೇಕು.