ಕೇಪ್ ಮೇ ಕೌಂಟಿಯ ‘ಖಾಲಿ’ ಮನೆಗಳು

ಕೇಪ್ ಮೇ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಮನೆ, ಉದ್ಯೋಗ, ಮತದಾನದ ಅಂಕಿಅಂಶ ನೋಡುವವರಿಗೆ ಮೊದಲ ಗೊಂದಲ ಇದು: ಜನರಿಗಿಂತ ಮನೆಗಳೇ ಜಾಸ್ತಿ, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಖಾಲಿ ಅಂತ ತೋರಿಸುತ್ತದೆ. ಅದು ಬಹುಶಃ ಡೇಟಾ ತಪ್ಪಲ್ಲ. ಅಮೆರಿಕದ ನ್ಯೂಜೆರ್ಸಿಯ ಈ ಕೌಂಟಿ ಬೇಸಿಗೆ ರಜೆಯ ಕರಾವಳಿ. ಬೇರೆ ಕಡೆಯವರ ರಜೆಮನೆಗಳನ್ನೂ ಸೆನ್ಸಸ್ ‘ಖಾಲಿ’ ಎಂದೇ ಬರೆದುಕೊಳ್ಳುತ್ತದೆ. 2020ರಲ್ಲಿ ಎಣಿಸಿದ 95,263 ಜನ ಖಾಯಂ ನಿವಾಸಿಗಳು ಮಾತ್ರ.

ಮೊದಲು ಎಸಿಎಸ್‌ನ (ಸೆನ್ಸಸ್ ಇಲಾಖೆಯ ಅಮೆರಿಕನ್ ಕಮ್ಯುನಿಟಿ ಸರ್ವೆ) ಬಿ25004 ಟೇಬಲ್ ತೆಗೆಯಿರಿ, ಖಾಲಿ ಮನೆಗಳು ಯಾಕೆ ಖಾಲಿ ಅನ್ನುವ ಲೆಕ್ಕ ಅದು. ಅದರಲ್ಲಿ ಸೀಸನಲ್ ಬಳಕೆಯ ಸಾಲು ಪ್ರತ್ಯೇಕ ಇದೆ. ಒಟ್ಟು ಖಾಲಿ ಮನೆಗಳಿಂದ ಅದನ್ನು ಕಳೆಯಿರಿ. ಉಳಿದದ್ದೇ ನಿಮಗೆ ಬೇಕಾದ, ರಜೆಮನೆಗಳನ್ನು ಬಿಟ್ಟ ಖಾಲಿ ಮನೆಗಳ ಸಂಖ್ಯೆ. ಐದು ವರ್ಷದ ಡೇಟಾ ಬಳಸಿ, ಒಂದು ವರ್ಷದ್ದರಲ್ಲಿ ದೋಷದ ಅಂತರ ದೊಡ್ಡದು.

ಬೇಸಿಗೆ ರಜೆಯ ಜಾಗವಾದ್ದರಿಂದ ಉದ್ಯೋಗಕ್ಕೆ ವಾರ್ಷಿಕ ಸರಾಸರಿ ಸುಮ್ನೆ ದಾರಿ ತಪ್ಪಿಸುತ್ತದೆ. ಕ್ಯೂಸಿಇಡಬ್ಲ್ಯೂನಲ್ಲಿ (ಉದ್ಯೋಗ ಮತ್ತು ವೇತನದ ಸರ್ಕಾರಿ ತ್ರೈಮಾಸಿಕ ಲೆಕ್ಕ) ಈ ಕೌಂಟಿಯ 34009 ಕೋಡ್ ಹಾಕಿ ಜನವರಿ, ಜುಲೈ ಎರಡನ್ನೂ ಪಕ್ಕಪಕ್ಕ ನೋಡಿ. ಸ್ವಂತ ಉದ್ಯೋಗದವರು ಅದರಲ್ಲಿ ಬರುವುದಿಲ್ಲ, ನೆನಪಿರಲಿ.

ಮತದಾನವನ್ನು ಮನೆಗಳ ಸಂಖ್ಯೆಗೆ ಹೋಲಿಸಬೇಡಿ. ಫಿಲಡೆಲ್ಫಿಯಾ ನಗರದವರ ಬೀಚ್ ಮನೆ ಇಲ್ಲಿದ್ದರೂ ಓಟು ಸಾಮಾನ್ಯವಾಗಿ ಅವರ ಊರಲ್ಲೇ ಅಲ್ವಾ? ಇಲ್ಲಿನ ಖಾಯಂ ಮತದಾರರು 2016, 2020, 2024 ಮೂರೂ ಸಲ ಟ್ರಂಪ್ ಕಡೆಗಿದ್ದರು. ನೋಂದಾಯಿತ ಮತದಾರರ ಸಂಖ್ಯೆಯನ್ನೇ ಆಧಾರವಾಗಿ ಇಟ್ಟುಕೊಳ್ಳಿ.